ತಕರಾರಿಲ್ಲದ ತಪಾಸಣೆ

ಕಳೆದ ಬೇಸಿಗೆಯಲ್ಲಿ ಹಳೆಯ ವಿಮಾನ ಮುಗ್ಗರಿಸಿ ಇಳಿದು ಪ್ರಯಾಣಿಕಳೊಬ್ಬಳ ಬೆನ್ನುಮೂಳೆ ಮುರಿದಾಗ, ಅದನ್ನು ಹಾರಿಸಿದ್ದ, ನಮ್ಮೂರ ವಿಮಾನ ಸಂಘದ ಅಧ್ಯಕ್ಷ ಬಾಲ್ಟ್ಸ್ ಪತ್ರಿಕೆಯವರಿಗೆ ಹೇಳಿದ್ದು ಒಂದೇ ಮಾತು: "ಹಾರಿಸೋದಷ್ಟೇ ನನ್ನ ಕೆಲಸ. ನೋಡಿ ಸರಿ ಅಂದವನು ಫ್ರಿಡೋಲಿನ್." ಚಕ್ರ ಸರಿಯಿಲ್ಲವೆಂದು ಸಂಘದ ಮೆಕ್ಯಾನಿಕ್ ಫ್ರಿಡೋಲಿನ್ ಎಷ್ಟೋ ಸಲ ಬಡಿದುಕೊಂಡಿದ್ದ. "ಅಜ್ಜಿಗೆ ಎಂಬತ್ತಾಯ್ತು ಮಾರಾಯ, ಮಂಡಿನೋವು ಇರಲ್ವಾ?" ಎಂದು ನಕ್ಕು ಸಹಿ ಹಾಕಿಸಿಕೊಂಡವನೂ ಇದೇ ಬಾಲ್ಟ್ಸ್. ನಮ್ಮೂರಲ್ಲಿ ಆ ವಿಮಾನಕ್ಕೆ ಅಜ್ಜಿ ಎಂದೇ ಹೆಸರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು.

ಈ ವಸಂತದ ತಪಾಸಣೆಯಲ್ಲಿ ಎಡರೆಕ್ಕೆಯನ್ನು ಹಿಡಿದಿರುವ ದೊಡ್ಡ ಬೋಲ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗ ಫ್ರಿಡೋಲಿನ್ ಏನೂ ಮಾಡಲಿಲ್ಲ. ಯೋಜನೆ ಎಂದರೆ ಅಷ್ಟೇ. ಸಡಿಲಿಸುವುದು ಬೇಡ, ಕೊಯ್ಯುವುದು ಬೇಡ. ಚಳಿಗಾಲ ಕಳೆದ ಮೇಲಿನ ಮೊದಲ ಹಾರಾಟಕ್ಕೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಬಾಲ್ಟ್ಸ್ ಒಬ್ಬನೇ ಹೋಗುತ್ತಾನೆ. ವಾಲೆನ್ ಸರೋವರದ ಮೇಲೆ ವಿಮಾನವನ್ನು ಓರೆಯಾಗಿ ಗಿರ್ರನೆ ತಿರುಗಿಸಿ ದಡದವರಿಂದ ಚಪ್ಪಾಳೆ ಗಿಟ್ಟಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಆ ತಿರುವನ್ನು ಬೋಲ್ಟು ತಾಳುವುದಿಲ್ಲ. ಕೆಳಗೆ ಬರೀ ನೀರು. ಯಾರಾದರೂ ಕೇಳಿದರೆ, ಮುದಿ ಕಬ್ಬಿಣ, ಮುದಿ ಕಣ್ಣು, ಕಾಣಲಿಲ್ಲ ಎಂದರಾಯಿತು.

"ಏನಯ್ಯಾ, ಈ ಸಲ ಒಂದು ತಕರಾರೂ ಇಲ್ವಾ? ಮೈ ಹುಷಾರಿದೆ ತಾನೇ?" ಎಂದ ಬಾಲ್ಟ್ಸ್.

"ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ."

ಸಂಜೆ ಹುರಿದ ಆಲೂಗಡ್ಡೆ ಬಡಿಸುತ್ತ ಹೆಂಡತಿ ರೆಗುಲಾ ಕೂಡ ಅದನ್ನೇ ಕೇಳಿದಳು. "ನಿಜವಾಗ್ಲೂ ಏನೂ ತಪ್ಪು ಸಿಗ್ಲಿಲ್ವಾ?"

"ಏನೂ ಇಲ್ಲ ಕಣೇ," ಎಂದು ಇನ್ನೊಂದು ಸಲ ಬಡಿಸಿಕೊಂಡ.

ಭಾನುವಾರ ಊರೇ ಮೈದಾನದ ಬೇಲಿಗೆ ಒರಗಿ ನಿಂತಿತ್ತು. ಬಾಲ್ಟ್ಸ್ ವಿಮಾನದ ಕಿಟಕಿಯಿಂದ ತಲೆ ಹೊರಹಾಕಿ, "ನಿಯಮ ಗಿಯಮ ಆಮೇಲೆ ನೋಡ್ಕೊಳ್ಳೋಣ, ಯಾರು ಬಂದಿದ್ದಾಳೆ ನೋಡು!" ಎಂದು ಕೂಗಿದ. ಹಿಂದಿನ ಕಿಟಕಿಯಲ್ಲಿ ರೆಗುಲಾ ಕೈಬೀಸುತ್ತಿದ್ದಳು. ಗಂಡನ ತಕರಾರು ಕೇಳಿ ಕೇಳಿಯೇ ಮೂವತ್ತು ವರ್ಷ ಅಜ್ಜಿಯ ಹತ್ತಿರ ಸುಳಿಯದಿದ್ದವಳು. "ನೀನೇ ಸರಿ ಅಂದ್ಮೇಲೆ ಇನ್ನೇನು ಭಯ!" ಎಂದಳು. ಎಲ್ಲವನ್ನೂ ಲೆಕ್ಕ ಹಾಕಿದ್ದ ಫ್ರಿಡೋಲಿನ್, ತನ್ನ ಮಾತನ್ನು ನಂಬುವವಳೊಬ್ಬಳು ಮನೆಯಲ್ಲೇ ಇದ್ದಾಳೆಂಬುದನ್ನು ಮರೆತಿದ್ದ. ಎಂಜಿನ್ ಗುಡುಗಿತು. ಅವನು ಎರಡೂ ಕೈ ಎತ್ತಿಕೊಂಡು ವಿಮಾನದ ಎದುರಿಗೆ ಓಡಿದ. ಬಾಲ್ಟ್ಸ್ ಗಾಬರಿಯಿಂದ ಎಂಜಿನ್ ನಿಲ್ಲಿಸಿದ. "ಅವಳನ್ನ ಇಳ್ಸೋ! ಎಡಗಡೆ ಬೋಲ್ಟು ಬಿರುಕು ಬಿಟ್ಟಿದೆ!" ಎಂಬ ಕೂಗು ಇಡೀ ಮೈದಾನಕ್ಕೆ ಕೇಳಿತು. ಬಾಲ್ಟ್ಸ್ ಅವನನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಯಾವಾಗ ನೋಡ್ದೆ?"