ಬೆಸ ಅಂಕೆಯೇ ಇಲ್ಲದ ಪಟ್ಟಿ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ತಂಗಿಗೆ ಅಕ್ಕ ಚಿಕ್ಕಂದಿನಲ್ಲೇ ‘ಚಡಪಡಿ’ ಎಂದು ಹೆಸರಿಟ್ಟಿದ್ದಳು. ವಯಸ್ಸು ಮೂವತ್ತೊಂದಾಗಿ, ಸಂಭವನೀಯತೆಯ ಗಣಿತದಲ್ಲಿ ಡಾಕ್ಟರೇಟ್ ಬಂದು, ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ ಸ್ವಂತ ಕೋಣೆ ಸಿಕ್ಕರೂ ಆ ಹೆಸರು ಹೋಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಮೇಜಿನ ಕೆಳಗೆ ಅವಳ ಬಲಗಾಲು ಒಂದೇ ಸಮನೆ ಕುಣಿಯುತ್ತಿತ್ತು. ಪಕ್ಕದ ಕೋಣೆಯವರು ಗೋಡೆ ಬಡಿದು, "ಭೂಕಂಪ ನಿಲ್ಸಮ್ಮಾ" ಎನ್ನುತ್ತಿದ್ದರು.

ಆ ಕಾಲು ಗಕ್ಕನೆ ನಿಂತದ್ದು ಒಂದು ಮಂಗಳವಾರ ಬೆಳಗ್ಗೆ, ನಾಲ್ಕನೇ ಆಸ್ಪತ್ರೆಯ ಪಟ್ಟಿ ತೆರೆದಾಗ.

ಸೊಂಟದ ಮೂಳೆ ಮುರಿದು ಚೇತರಿಸಿಕೊಂಡ ವಯಸ್ಸಾದವರಲ್ಲಿ ಯಾರು ಒಂದು ವರ್ಷದೊಳಗೆ ಮತ್ತೆ ಬೀಳಬಹುದು, ಬೀಳುವ ಸಂಭವ ಎಷ್ಟು ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ಐದು ಆಸ್ಪತ್ರೆಗಳಲ್ಲಿ ಒಂದು ಸರಳ ಪರೀಕ್ಷೆ ನಡೆಯುತ್ತಿತ್ತು. ರೋಗಿ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಫಿಸಿಯೋಥೆರಪಿಸ್ಟ್ ಬರೆದುಕೊಳ್ಳಬೇಕು. ಹದಿನಾಲ್ಕು ಪಾಯಿಂಟ್ ಎರಡು, ಇಪ್ಪತ್ತು ಪಾಯಿಂಟ್ ಏಳು, ಹೀಗೆ.

ನಾಲ್ಕನೇ ಆಸ್ಪತ್ರೆಯ ನಾನೂರ ಹನ್ನೆರಡು ಅಳತೆಗಳಲ್ಲಿ ಒಂದೂ ಬೆಸ ಅಂಕೆಯಲ್ಲಿ ಮುಗಿದಿರಲಿಲ್ಲ. ಎಲ್ಲವೂ ಸೊನ್ನೆ, ಎರಡು, ನಾಲ್ಕು, ಆರು, ಎಂಟು. ನಾಣ್ಯವನ್ನು ನಾನೂರ ಹನ್ನೆರಡು ಸಲ ಚಿಮ್ಮಿದರೆ ಪ್ರತಿ ಸಲವೂ ಒಂದೇ ಮುಖ ಬಿದ್ದ ಹಾಗೆ. ಇದು ತಾನಾಗಿ ಆಗುವ ಮಾತಲ್ಲ. ಯಾರೋ ಕೂತಲ್ಲೇ ಅಂಕೆ ಹುಟ್ಟಿಸಿದ್ದಾರೆ ಎಂದು ಅವಳಿಗನ್ನಿಸಿತು. ತಾಳ್ಮೆ ಎಂಬುದು ಅವಳ ಕಡೆ ಎಂದೂ ಸುಳಿದದ್ದೇ ಇಲ್ಲ. ಮಧ್ಯಾಹ್ನದೊಳಗೆ ಪ್ರೊಫೆಸರಿಗೆ ಪತ್ರ ಹೋಯಿತು. ಅವರು ಬರೆದವರ ಹೆಸರು ತೆಗೆದು ಅದನ್ನು ಆಸ್ಪತ್ರೆಗೆ ದಾಟಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಪಟ್ಟಿಯ ಕೊನೆಯ ಅಂಕೆ ಬಿಟ್ಟರೆ ಬೇರೆಲ್ಲ ಸರಿಯಾಗಿತ್ತು. ಎಂಬತ್ತು ದಾಟಿದವರು ನಿಧಾನ, ವಾರ ಕಳೆದಂತೆ ಚುರುಕು, ಜ್ವರ ಬಂದ ದಿನ ಮತ್ತೆ ನಿಧಾನ. ಸುಳ್ಳು ಬರೆಯುವವನಿಗೆ ಜ್ವರದ ದಿನ ಯಾಕೆ ನೆನಪಾಗಬೇಕು? ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ಆರನೇ ವಾರ ಬಸ್ ಹತ್ತಿ ಆಸ್ಪತ್ರೆಗೇ ಹೋದಳು.

"ಫಿಸಿಯೋನಾ? ಅವರನ್ನ ಕೆಳಗೆ ಸ್ಟೋರಿಗೆ ಹಾಕಿದ್ದಾರೆ," ಎಂದಳು ವಾರ್ಡಿನ ನರ್ಸ್. "ಯಾರೋ ಏನೋ ಬರೆದ್ರಂತೆ."

ನೆಲಮಾಳಿಗೆಯ ಸ್ಟೋರಿನಲ್ಲಿ ಅವನು ಸ್ಟೂಲಿನ ಮೇಲೆ ಕೂತು ಊರುಗೋಲುಗಳ ಕಾಲಿಗೆ ರಬ್ಬರ್ ಬೂಚು ಹಾಕುತ್ತಿದ್ದ. ಉದ್ದನೆಯ ಮನುಷ್ಯ, ತೋಳು ಮಡಚಿದ ಬಿಳಿ ಅಂಗಿ. ತಲೆ ಎತ್ತಿದಾಗ ಅವನ ಎಡಹುಬ್ಬು ಬಲಹುಬ್ಬಿಗಿಂತ ಒಂದು ಕೂದಲೆಳೆ ಮೇಲೆ ಹೋಯಿತು. ಆ ಹುಬ್ಬು ಮುಂದೆ ತನ್ನ ನಿದ್ದೆ ಕೆಡಿಸಲಿದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

"ಯಾರು ಬೇಕಿತ್ತು?"

"ನಾನು... ಆ ಬೀಳೋರ ಅಧ್ಯಯನ ಇದೆಯಲ್ಲ, ಅದರ ಆಫೀಸಿಂದ."

"ಓಹೋ. ಕಳ್ಳನ ಮುಖ ಹೇಗಿದೆ ಅಂತ ನೋಡೋಕೆ ಬಂದ್ರಾ? ನೋಡ್ಕೊಳ್ಳಿ. ಬೆಳಕು ಸಾಕಾ?"

ಅವಳ ಕಿವಿ ಕೆಂಪಾಯಿತು. "ಅಳತೆ ಹೇಗೆ ತಗೊಳ್ತಿದ್ರಿ ಅಂತ ಕೇಳೋಕೆ ಬಂದೆ."

"ಅಬ್ಬಾ! ಕೇಳೋರೂ ಇದ್ದಾರಲ್ಲ," ಎಂದು ಅವನು ಜೇಬಿನಿಂದ ಒಂದು ಹಳೆಯ ಕೀಲಿ ಗಡಿಯಾರ ತೆಗೆದ. ದುಂಡನೆಯ ಸ್ಟಾಪ್‌ವಾಚ್, ಉಕ್ಕಿನ ಕವಚ ಸವೆದು ಮಿನುಗುತ್ತಿತ್ತು. ಕಾಲೇಜಿನಲ್ಲಿ ಅವನಿಗೆ ಓಟ ಕಲಿಸಿದ ಕೋಚ್ ಕೊಟ್ಟದ್ದಂತೆ. ಗುಂಡಿ ಒತ್ತಿ, ನಿಲ್ಲಿಸಿ, ಅವಳ ಅಂಗೈಗಿಟ್ಟ.

ಮುಳ್ಳು ಒಂದು ಸೆಕೆಂಡಿನ ಗೆರೆಗೂ ಮುಂದಿನದಕ್ಕೂ ನಡುವೆ ನಿಂತಿತ್ತು. ಆ ನಡುವೆ ನಾಲ್ಕೇ ನಾಲ್ಕು ಸಣ್ಣ ಗೆರೆ. ಅಂದರೆ ಒಂದು ಸೆಕೆಂಡಿಗೆ ಐದು ಭಾಗ, ಒಂದೊಂದೂ ಸೊನ್ನೆ ಪಾಯಿಂಟ್ ಎರಡು. ಎರಡು, ನಾಲ್ಕು, ಆರು, ಎಂಟು, ಸೊನ್ನೆ.

"ಇದರಲ್ಲಿ ಬೆಸ ಅಂಕೆ ಬರೋದೇ ಇಲ್ಲ," ಎಂದಳು ಮೆಲ್ಲಗೆ.

"ಅದ್ಯಾವುದು ಬೆಸ?"

"ಏನಿಲ್ಲ. ಆಫೀಸಿಂದ ಡಿಜಿಟಲ್ ವಾಚ್ ಕೊಟ್ಟಿದ್ರಲ್ಲ?"

"ಕೊಟ್ಟಿದ್ರು. ಒತ್ತಿದ್ರೆ ಕೀಂಯ್ ಅನ್ನುತ್ತೆ. ಮೊದಲನೇ ದಿನವೇ ಒಬ್ಬ ಅಜ್ಜಿ ಬೆಚ್ಚಿಬಿದ್ದು ಕಾಲು ತೊಡರಿಸ್ಕೊಂಡ್ರು. ಹಿಡ್ಕೊಂಡೆ, ಬಚಾವಾದ್ರು. ಬೀಳೋದನ್ನ ತಪ್ಪಿಸೋಕೆ ಹೊರಟು ನಾವೇ ಬೀಳಿಸೋದಾ ಅಂತ ಅದನ್ನ ಡ್ರಾಯರಿಗೆ ಹಾಕ್ದೆ. ಫಾರಂನ ಅಂಚಿನಲ್ಲಿ ಬರೆದೂ ಇದ್ದೆ."

ಫಾರಂ ಕಂಪ್ಯೂಟರಿಗೆ ಏರುವಾಗ ಅಂಚು ಹೊರಗೇ ಉಳಿದಿತ್ತು. ಅಂಚಿನಲ್ಲಿ ಏನಾದರೂ ಇರಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಆ ಪತ್ರ ಬರೆದದ್ದು ನಾನೇ ಎಂದು ಹೇಳಬೇಕಿದ್ದ ಗಳಿಗೆ ಅದು. ಬಾಯಿ ತೆರೆದಳು. ಅಷ್ಟರಲ್ಲಿ ಅವನು, "ಆರು ವಾರದಲ್ಲಿ ನೀವೊಬ್ರೇ ಬಂದು ಕೇಳಿದ್ದು," ಎಂದು ನಕ್ಕ. ಅವಳು ಹೇಳಬೇಕಾದದ್ದನ್ನು ಹೇಳದೆ ಗಡಿಯಾರವನ್ನು ಅವನ ಕೈಗೆ ಮರಳಿಸಿದಳು.

ಅವಳು ಓಡಾಡಿ, ಕಾಡಿ ಬೇಡಿ, ಆಸ್ಪತ್ರೆಯ ಮುಖ್ಯಸ್ಥರಿಂದ ಮೂರು ವಾರದ ಅನುಮತಿ ತಂದಳು. ಒಂದೇ ನಡಿಗೆಯನ್ನು ಎರಡು ಗಡಿಯಾರದಲ್ಲಿ ಅಳೆಯುವುದು, ಅವನ ಹಳೆಯದು ನಂಬಿಕೆಗೆ ಯೋಗ್ಯವೋ ಎಂದು ನೋಡುವುದು. ಅವನು ವಾರ್ಡಿಗೆ ಮರಳಿದ. ಸದ್ದು ಒಳಗೆ ಕೇಳಬಾರದೆಂದು ಅವಳು ಡಿಜಿಟಲ್ ವಾಚ್ ಹಿಡಿದು ಗಾಜಿನ ಬಾಗಿಲ ಹೊರಗೆ ನಿಂತಳು.

ಹೀಗಾಗಿ ದಿನಕ್ಕೆ ಇಪ್ಪತ್ತು ಸಲ ಅವರಿಬ್ಬರೂ ಗಾಜಿನ ಆಚೆ ಈಚೆ ಒಬ್ಬರನ್ನೊಬ್ಬರು ನೋಡಲೇಬೇಕಾಯಿತು. ಅವನು ಕೈ ಎತ್ತುತ್ತಿದ್ದ, ಅವಳನ್ನು ನೋಡುತ್ತಿದ್ದ, ಕೈ ಇಳಿಸುತ್ತಿದ್ದ. ಇಳಿಸಿದಾಗ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಬೇಕು. ಮೊದಲ ವಾರ ಆ ನೋಟ ಕೆಲಸದ್ದಾಗಿತ್ತು. ಎರಡನೇ ವಾರ ಕೈ ಇಳಿಸುವುದಕ್ಕೆ ಅವನು ಕೊಂಚ ತಡ ಮಾಡತೊಡಗಿದ. ಎಡಹುಬ್ಬು ಮೇಲೇರುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ಗದರುತ್ತಿದ್ದಳು. ಅವನು ಏನೂ ಅರಿಯದ ಹಸುಗೂಸಿನ ಹಾಗೆ ಸೂರು ನೋಡುತ್ತಿದ್ದ.

"ನೀವಿಬ್ರೂ ಸಿಗ್ನಲ್ ಕೊಟ್ಕೊಂಡಿರಿ, ನಾನು ಸ್ಟಾಂಡಲ್ಲೇ ಇರ್ತೀನಿ," ಎನ್ನುತ್ತಿದ್ದರು ಕುರ್ಚಿಯಲ್ಲಿ ಕೂತ ಡ್ರೈವರ್ ತಾತ. ಮೂವತ್ತೆಂಟು ವರ್ಷ ಬಸ್ ಓಡಿಸಿದವರು. ಸೊಂಟ ಮುರಿದುಕೊಂಡು ಬಂದವರಿಗೆ ಈಗ ಮುಂಗೈಗೂ ಪ್ಲಾಸ್ಟರ್ ಬಿದ್ದಿತ್ತು.

ಒಂದು ದಿನ ಅಳತೆ ಮುಗಿದ ಮೇಲೆ ಅವಳೇ ಒಳಗೆ ಬಂದು ಕೇಳಿದಳು. "ಕೈಗೇನಾಯ್ತು ತಾತ?"

"ಈ ಮಹಾರಾಯನ್ನ ಕೆಳಗೆ ಕಳಿಸಿದ್ರಲ್ಲ, ಆಗ. ಹೊಸಬ ಬಂದಿದ್ದ, ಪಾಪ. ತಿರುಗುವಾಗ ನಂಗೆ ಎಡಗಾಲು ಕೈಕೊಡುತ್ತೆ ಅಂತ ಅವನಿಗೇನು ಗೊತ್ತು? ಬಿದ್ದೆ. ಯಾವನೋ ಪುಣ್ಯಾತ್ಮ ಕಾಗದ ಬರೆದನಂತೆ. ಅವನಿಗೇನು, ಬರೆದ, ಊಟ ಮಾಡ್ದ, ಮಲಗ್ದ."

ಅವಳ ಕೈಯಲ್ಲಿದ್ದ ಡಿಜಿಟಲ್ ವಾಚ್ ತಾನಾಗೇ ಕೀಂಯ್ ಎಂದಿತು. ಅಷ್ಟು ಬಿಗಿಯಾಗಿ ಹಿಡಿದಿದ್ದಳು.

ಅಂದಿನಿಂದ ಒಂದು ಕ್ಷಣ ನೆಮ್ಮದಿಯಿಲ್ಲ. ಅವನು ಕಾಫಿ ತಂದುಕೊಟ್ಟರೆ ಕುಡಿಯಲಾಗದು, ಕುಡಿಯದಿದ್ದರೆ ಅವನು "ಸಕ್ಕರೆ ಕಮ್ಮಿ ಆಯ್ತಾ?" ಎಂದು ಲೋಟ ಇಸಿದುಕೊಂಡು ಹೋಗುವನು. ಅವನು ಒಳ್ಳೆಯವನಾದಷ್ಟೂ ಅವಳಿಗೆ ಹಿಂಸೆ. ಬಸ್ಸಿನಲ್ಲಿ ಎರಡು ನಿಲ್ದಾಣ ಮೊದಲೇ ಇಳಿದು ನಡೆಯುತ್ತಿದ್ದಳು. ನಡೆದರೂ ಮನಸ್ಸು ಹಿಂದೆ ಬೀಳುತ್ತಿರಲಿಲ್ಲ, ಜೊತೆಗೇ ಬರುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಎಲ್ಲ ಕೇಳಿಸಿಕೊಂಡು, "ಲವ್ವಾ?" ಎಂದಳು.

"ಗೊತ್ತಿಲ್ಲ ಕಣೇ."

"ನಿನ್ನ ಲೆಕ್ಕದಲ್ಲಿ ಎಷ್ಟು ಪರ್ಸೆಂಟ್?"

"ಅಕ್ಕಾ!"

"ಸರಿ, ಕೇಳು. ಹೋಗಿ ಹೇಳು. ಆದ್ರೆ ಹೇಳುವಾಗ ಅಳಬೇಡ. ನೀನು ಅತ್ರೆ ಆ ಮನುಷ್ಯ ನಿನ್ನನ್ನೇ ಸಮಾಧಾನ ಮಾಡ್ಬೇಕಾಗುತ್ತೆ. ಅದು ಮೋಸ. ಮೊದಲು ಹೇಳು, ಆಮೇಲೆ ಮನೆಗೆ ಬಂದು ಅಳು."

ಮೂರು ವಾರ ಮುಗಿದಾಗ ಲೆಕ್ಕ ಸ್ಪಷ್ಟವಾಗಿತ್ತು. ಎರಡು ಗಡಿಯಾರಗಳ ನಡುವೆ ಸರಾಸರಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ವ್ಯತ್ಯಾಸವಿರಲಿಲ್ಲ. ಅವನ ಪಟ್ಟಿ ಐದು ಆಸ್ಪತ್ರೆಗಳಲ್ಲೇ ಅಚ್ಚುಕಟ್ಟಾದದ್ದು.

"ಒಳ್ಳೇದಾಯ್ತು," ಎಂದರು ಪ್ರೊಫೆಸರ್. "ಡೇಟಾ ಸೇರಿಸ್ಕೊ. ಆ ಪತ್ರದ ಮಾತು ಎತ್ತಬೇಡ."

"ಅವರ ಫೈಲಿನಲ್ಲಿ ಅದು ಹಾಗೇ ಇರುತ್ತೆ ಸರ್. ನಾನು ವಾಪಸ್ ತಗೋಬೇಕು. ನನ್ನ ಹೆಸರಲ್ಲಿ."

"ಪೇಪರ್ ಆರು ತಿಂಗಳು ಹಿಂದಕ್ಕೆ ಹೋಗುತ್ತೆ. ನಿನ್ನ ನೇಮಕಾತಿ ಮುಂದುವರಿಸೋ ಕಮಿಟಿಯವರೂ ಅದನ್ನ ಓದ್ತಾರೆ. ಯೋಚ್ನೆ ಮಾಡು."

ಯೋಚನೆ ಮಾಡಿಯೇ ಬಂದಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಪತ್ರವನ್ನು ನಾಲ್ಕು ದಿನ ಕೂತು ಬರೆದಿದ್ದಳು. ಕಳಿಸುವ ಮುನ್ನ ಅದರ ಪ್ರತಿ ಹಿಡಿದು ಆಸ್ಪತ್ರೆಗೆ ಹೋದಳು. ಅವನು ಕಾಗದದಿಂದ ತಿಳಿಯುವುದು ಬೇಡ, ತನ್ನ ಬಾಯಿಂದಲೇ ತಿಳಿಯಲಿ ಎಂದು.

ಮೆಟ್ಟಿಲ ತಿರುವಿನಲ್ಲಿ ಸಿಕ್ಕ. ಇವಳನ್ನು ಕಂಡು ಮುಖ ಅರಳಿತು. ಆ ಅರಳಿದ ಮುಖಕ್ಕೇ ಹೇಳಬೇಕಾಯಿತು.

"ಆ ಮೊದಲನೇ ಪತ್ರ ಬರೆದದ್ದು ನಾನು."

ಅವನು ತಮಾಷೆಯೆಂದುಕೊಂಡ. ಹುಬ್ಬು ಏರಿತು. ಅವಳ ಮುಖ ನೋಡಿದ. ಹುಬ್ಬು ಇಳಿಯಿತು.

"ಒಂದು ಫೋನ್ ಮಾಡ್ಬೋದಿತ್ತು," ಎಂದ ಕೊನೆಗೆ.

"ಮಾಡ್ಬೋದಿತ್ತು. ಮಾಡ್ಲಿಲ್ಲ."

"ಸ್ಟೋರಿನಲ್ಲಿ ಕೂತಿದ್ದಕ್ಕೆ ನಂಗೆ ಬೇಜಾರಿಲ್ಲ. ತಾತ ಬಿದ್ದಾಗ ಸದ್ದು ಕೆಳಗಿನವರೆಗೂ ಕೇಳ್ತು. ಓಡಿ ಬಂದೆ. ಬಾಗಿಲಲ್ಲಿ ತಡೆದ್ರು, ನೀವು ಒಳಗೆ ಬರೋ ಹಾಗಿಲ್ಲ ಅಂತ." ಅವನ ಸ್ವರ ಏರಲಿಲ್ಲ. "ಅದಾದ್ಮೇಲೂ ಮೂರು ವಾರ ದಿನಾ ನನ್ನ ಮುಖ ನೋಡಿದ್ರಿ. ಹೇಳ್ಲಿಲ್ಲ."

"ಹೆದರಿಕೆ ಆಯ್ತು."

"ಯಾವುದಕ್ಕೆ?"

ನೀವು ನನ್ನನ್ನು ನೋಡುವುದು ನಿಲ್ಲಿಸುತ್ತೀರೆಂದು. ಅದನ್ನು ಅವಳು ಹೇಳಲಿಲ್ಲ. ಕಾಗದ ಅವನ ಕೈಗಿಟ್ಟು ಮೆಟ್ಟಿಲಿಳಿದಳು. ಅಕ್ಕ ಹೇಳಿದ್ದಂತೆ ಮನೆ ತಲುಪುವವರೆಗೂ ಅಳಲಿಲ್ಲ.

ಪತ್ರ ಅಂದೇ ಹೋಯಿತು. ಮರುದಿನ ಅವನ ರಜೆ ಎಂದು ತಿಳಿದುಕೊಂಡು ಹೋಗಿ ತಾತನ ಮುಂದೆಯೂ ತಪ್ಪೊಪ್ಪಿಕೊಂಡಳು. ತಾತ ಬಹಳ ಹೊತ್ತು ಪ್ಲಾಸ್ಟರ್ ಕೆರೆದುಕೊಂಡರು. "ತಿರುಗಿಸೋಕೆ ಮುಂಚೆ ಕನ್ನಡಿ ನೋಡ್ಬೇಕಮ್ಮ," ಎಂದರು. ಆಮೇಲೆ, "ನಾನೂ ಒಂದೆರಡು ಸಲ ನೋಡಿರಲಿಲ್ಲ ಬಿಡು," ಎಂದರು.

ಅವನಿಂದ ಸುದ್ದಿಯಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಫೋನ್ ಸದ್ದಾದರೆ ಎದೆ ಹಾರುತ್ತಿತ್ತು, ನೋಡಿದರೆ ಅಕ್ಕ. ಇದರ ನಡುವೆ ಕಮಿಟಿಯ ನಿರ್ಧಾರವೂ ಬಂತು. ಎರಡು ವರ್ಷಕ್ಕೆ ಬದಲು ಆರೇ ತಿಂಗಳ ನೇಮಕಾತಿ. ಅವಳು ಅದನ್ನು ಎರಡು ಸಲ ಓದಿ ಪಕ್ಕಕ್ಕಿಟ್ಟಳು. ಅಷ್ಟೊಂದು ನೋವಾಗಲಿಲ್ಲ. ನೋವೆಲ್ಲ ಬೇರೆಡೆ ಖರ್ಚಾಗಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ಅವನು. ವಾರ್ಡಿನ ಬಿಳಿ ಅಂಗಿಯಲ್ಲೇ ಬಂದಿದ್ದ, ಏದುಸಿರು ಬಿಡುತ್ತಿದ್ದ.

"ಲಿಫ್ಟ್ ಕೆಟ್ಟಿದೆ ಅಂತ ಬೋರ್ಡಾದ್ರೂ ಹಾಕ್ಬಾರ್ದಾ?" ಎಂದ. ಅವನೇ ಒಳಗೆ ಬಂದು, ಕಾಗದದ ರಾಶಿ ಸರಿಸಿ ಕುರ್ಚಿಯಲ್ಲಿ ಕೂತ.

"ನನ್ನ ಫೈಲಿಂದ ಆ ಮಾತು ತೆಗೆದ್ರು. ಮುಖ್ಯಸ್ಥರು ಕರೆದು ಕ್ಷಮೆ ಕೇಳಿದ್ರು. ನಿಮಗೆ ಆರೇ ತಿಂಗಳು ಕೊಟ್ರಂತಲ್ಲ?"

"ಯಾರು ಹೇಳಿದ್ದು?"

"ನಿಮ್ಮ ಪ್ರೊಫೆಸರ್. ಫೋನ್ ಮಾಡಿ ಕೇಳ್ದೆ." ಅವನು ಕೈ ಉಜ್ಜಿಕೊಂಡ. "ನೋಡಿ, ಹನ್ನೊಂದು ದಿನ ಸಿಟ್ಟು ಇಟ್ಕೊಂಡಿರ್ಬೇಕು ಅಂತ ಬಹಳ ಕಷ್ಟಪಟ್ಟೆ. ಏಳನೇ ದಿನಕ್ಕೇ ಮುಗಿದು ಹೋಯ್ತು. ಉಳಿದ ನಾಲ್ಕು ದಿನ ಸುಮ್ನೆ ಮರ್ಯಾದೆಗೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ನಾಲ್ಕು ದಿನ! ಇಲ್ಲಿ ನನ್ನ ಪ್ರಾಣ ಹೋಗ್ತಿತ್ತು. ಸಿಟ್ಟು ಬಂದ್ರೆ ಬೈಯಿ, ಜಗಳ ಆಡು, ಏನಾದ್ರೂ ಮಾಡು. ನೀನು ಸುಮ್ನೆ ಮಾತ್ರ ಇರಬೇಡ!"

ಅವನ ಎಡಹುಬ್ಬು ನಿಧಾನಕ್ಕೆ, ಬಹಳ ನಿಧಾನಕ್ಕೆ ಮೇಲೇರಿತು.

"ಈಗ ಏನಂದ್ರಿ?"

"ಏನಿಲ್ಲ."

"‘ನೀನು’ ಅಂದ್ರಿ."

"ಬಾಯಿ ತಪ್ಪಿ ಬಂತು."

"ಇನ್ನೊಂದ್ಸಲ ತಪ್ಪಲಿ."

ಅವಳು ಬಾಗಿಲು ಮುಂದೆ ಮಾಡಿ ಬಂದಳು. ಈ ಸಲ ನಡುವೆ ಗಾಜಿರಲಿಲ್ಲ. ಅವನ ಎದುರಿಗೆ ನಿಂತು, ಅವನ ಕಣ್ಣನ್ನೇ ನೋಡುತ್ತ, ಅವಸರವಿಲ್ಲದೆ, ಬೇಕೆಂದೇ ಹೇಳಿದಳು.

"ನೀನು ನಂಗೆ ಬೇಕು."

ಅವನು ಎದ್ದು ಅವಳ ಎರಡೂ ಕೈ ಹಿಡಿದುಕೊಂಡ.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದ.