ಲೇಸರ್ ಇಲ್ಲದೆ, ನೋವಿಲ್ಲದೆ

"ಕಣ್ಣ ಮುಚ್ಚಗೊಳ್ರಿ ರಾಯರ. ಸ್ವಲ್ಪ ಉರಿತದ."

ನಾನು ಮುಚ್ಚಲಿಲ್ಲ. ಕೊಲ್ಲಲು ಬಂದವನ ಮುಖವನ್ನು ಪೂರ್ತಿ ನೋಡಬೇಕು ಅನ್ನುವುದು ನನ್ನ ಹಳೆಯ ಚಟ.

ಅವನ ಕೈಯಲ್ಲಿ ಸ್ಟೀಲ್ ಬಟ್ಟಲು. ಬಟ್ಟಲಲ್ಲಿ ಬಿಳಿ ಪೇಸ್ಟ್. ಅದರಿಂದ ಆವಿ ಏಳುತ್ತಿತ್ತು... ಒಲೆಯ ಮೇಲೆ ಇಡದೆಯೇ.

ಸುಣ್ಣ. ಭಟ್ಟಿಯಿಂದ ಆಗತಾನೆ ಬಂದ ಸುಣ್ಣ, ಜೊತೆಗೆ ಬಟ್ಟೆ ತೊಳೆಯುವ ಸೋಡಾ.

ನನ್ನ ಎರಡೂ ಕೈಗಳು ಸಲೂನ್ ಕುರ್ಚಿಗೆ ಬಿಗಿದಿದ್ದವು. ಹಿಂದಿನಿಂದ ಒಬ್ಬ ದಾಂಡಿಗ ನನ್ನ ತಲೆಯನ್ನು ಕುಂಬಳಕಾಯಿಯಂತೆ ಹಿಡಿದಿದ್ದ. ಹಿಂದಲೆಯಲ್ಲಿ ರಕ್ತ ಅಂಟಂಟಾಗಿತ್ತು. ಮಧ್ಯಾಹ್ನ ಒಂದೂವರೆ. ರಾವೂರಿನ ಕಲ್ಲು ಪಾಲಿಶ್ ಶೆಡ್. ಮೇಲೆ ಕಾದ ತಗಡು.

ಇಲ್ಲಿಗೆ ಹೇಗೆ ಬಂದೆ ಅಂತೀರಾ? ಬೆಳಿಗ್ಗೆಯಿಂದಲೇ ಹೇಳಬೇಕು.

ನನ್ನ ಹೆಸರು ಧೀರೇಂದ್ರ. ಅಪ್ಪ ಚಿತ್ತಾಪುರದ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ನಾನು ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುತ್ತಿದ್ದೆ. ಹದಿನಾರು ವರ್ಷ. ಸಮನ್ಸ್ ಹರಿದು ಮುಖಕ್ಕೆ ಎಸೆದ ಒಬ್ಬ ದೊಡ್ಡ ಮನುಷ್ಯನಿಗೆ ಎರಡು ಬಿಟ್ಟೆ. ನೌಕರಿ ಹೋಯಿತು. ಈಗ ವಕೀಲರಿಗೂ ಊರವರಿಗೂ ತಪ್ಪಿಸಿಕೊಂಡವರನ್ನು ಹುಡುಕಿ ಕೊಡುತ್ತೇನೆ. ಆಫೀಸ್ ಇಲ್ಲ. ಒಂದು ಮೊಪೆಡ್ ಇದೆ.

ಅದು ೨೦೦೬ನೇ ಇಸವಿ, ಏಪ್ರಿಲ್. ಬೆಳಿಗ್ಗೆ ಎಂಟಕ್ಕೆ ತೆಂಗಳಿಯಿಂದ ಮಾಣಿಕಮ್ಮ ಬಂದಳು. ಕೂಲಿ ಮಾಡಿ ಮಗಳನ್ನು ನರ್ಸಿಂಗ್ ಓದಿಸಿದ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾಹೇಬ್ರ, ನನ್ ಮಗಳು ಲುಂಬಿನಿ ನಸುಕಿನ್ಯಾಗ ಹೋಗ್ಯಾಳ. ಹುಬ್ಬು ಅಳಸಲಿಕ್ಕಿ ಹೊಂಟೀನಿ ಅಂತ ಚೀಟಿ ಬರದಿಟ್ಟಾಳ."

"ಹುಬ್ಬು ಅಳಸೋದು ಅಂದ್ರ?"

ವಿಷಯ ಹೀಗಿತ್ತು. ಟೈಫಾಯ್ಡ್ ಬಂದಾಗ ಲುಂಬಿನಿಯ ಹುಬ್ಬಿನ ಕೂದಲು ಉದುರಿತ್ತು. ಶಹಾಬಾದಿನ ಪಾರ್ಲರಿನಲ್ಲಿ ಸೂಜಿ ಹಾಕಿಸಿ ಪರ್ಮನೆಂಟ್ ಹುಬ್ಬು ಬರೆಸಿಕೊಂಡಳು. ಕಪ್ಪು ಬಣ್ಣ. ಎರಡು ವರ್ಷಕ್ಕೆ ಅದು ಹಸಿರಾಯಿತು. ಒಂದು ಮೇಲೆ, ಒಂದು ಕೆಳಗೆ. ಟ್ರೇನಿಂಗಿಗೆ ಅಂತ ಆಸ್ಪತ್ರೆಗೆ ಹೋದರೆ ಪೇಶಂಟ್‌ಗಳೇ ಅವಳನ್ನು ನೋಡಿ ನಗುತ್ತಿದ್ದರು. ಹುಡುಗಿ ಆರು ತಿಂಗಳಿಂದ ಬಿಸಿಲಿಗೆ ಅಂತ ಹೇಳಿ ಸೆರಗನ್ನು ಹಣೆಗೆ ಇಳಿಸಿಕೊಂಡೇ ಓಡಾಡುತ್ತಿದ್ದಳು.

"ಅಳಸಿದ್ರ ಅಳಸಲಿ ಬಿಡವ್ವ. ಅದಕ್ಯಾಕ ಅಂಜತಿ?"

"ಮಾಶಾಬಿಗಿ ನೋಡ್ರಿ ಸಾಹೇಬ್ರ. ನಿಮ್ಮ ಊರಾಕಿನೇ. ನೋಡಿ ಬಂದ ಮ್ಯಾಲ ನನಗ ಕೇಳ್ರಿ."

ನೋಡಿದೆ.

ಮಾಶಾಬಿಗೆ ಚಿತ್ತಾಪುರದ ಬಜಾರಿನಲ್ಲಿ ಬಳೆ ಅಂಗಡಿ. ಅವಳೂ ತಂಗಿಯ ಮದುವೆಗೆ ಅಂತ ಹುಬ್ಬು ಬರೆಸಿ, ಅದು ಹಸಿರಾದ ಮೇಲೆ ಅಳಿಸಿಕೊಂಡವಳು. ಬಲಗಡೆ ಹುಬ್ಬಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ಗಾಯದ ಕಲೆ. ಅದರ ಕೆಳಗಿನ ಕಣ್ಣು ಹಾಲಿನಂತೆ ಬೆಳ್ಳಗಿತ್ತು.

"ಏನ್ ಹಚ್ಚಿದ್ನವ್ವ?"

"ಸುಣ್ಣ, ಭಾಯ್. ಬೀಸ್ ಮಿನಿಟ್ ಅಂದ. ಉರಿತದ ಅಂದ್ರ ತಡಕೋ ಅಂದ. ಕಣ್ಣಾಗ ಇಳೀತು. ಒರಸಿ ಕಳಿಸಿದ."

"ಪೊಲೀಸರಿಗೆ ಹೇಳಲಿಲ್ಲೇನು?"

"ಎಲ್ಲಿ ಅಂತ ಹೇಳ್ಲಿ? ಸೇಡಂದಾಗ ಒಂದ್ ವಾರ, ಚಿಂಚೋಳ್ಯಾಗ ಒಂದ್ ವಾರ. ನಾ ಹೋಗಿದ್ದು ವಾಡಿಗಿ. ಮಾರನೇ ದಿನ ಹೋದ್ರ ಬಾಗಲಿಗಿ ಕೀಲಿ."

ಅವಳ ಹತ್ತಿರ ಪೇಪರಿನೊಳಗೆ ಇಟ್ಟು ಹಂಚಿದ್ದ ಒಂದು ಹ್ಯಾಂಡ್‌ಬಿಲ್ ಇತ್ತು. 'ಲೇಸರ್ ಇಲ್ಲದೆ, ನೋವಿಲ್ಲದೆ ಹಚ್ಚೆ ತೆಗೆಯಲಾಗುವುದು. ಡಾ. ನಂದಕಿಶೋರ್.' ವಿಳಾಸ ಇಲ್ಲ. ಒಂದು ಫೋನ್ ನಂಬರ್ ಮಾತ್ರ. ಶಹಾಬಾದಿನ ನಂಬರ್.

ಮೊಪೆಡ್ ಶಹಾಬಾದಿಗೆ ತಿರುಗಿಸಿದೆ. ಲುಂಬಿನಿ ಹುಬ್ಬು ಬರೆಸಿದ್ದ ಪಾರ್ಲರ್ ಬಸ್ ಸ್ಟ್ಯಾಂಡಿನ ಹಿಂದೆ ಇತ್ತು. ಎದುರಿಗೆ ಕಾಯಿನ್ ಫೋನ್. ಒಂದು ರೂಪಾಯಿ ಹಾಕಿ ಹ್ಯಾಂಡ್‌ಬಿಲ್ಲಿನ ನಂಬರ್ ಒತ್ತಿದೆ.

ರಿಂಗ್ ಆಯಿತು.

ನನ್ನ ಕಿವಿಯಲ್ಲಿ ಆಯಿತು... ರಸ್ತೆಯಾಚೆ ಪಾರ್ಲರಿನ ಒಳಗೂ ಆಯಿತು.

ರಿಸೀವರ್ ಇಟ್ಟೆ. ಅದೂ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಆಯಿತು.

ಹಚ್ಚುವವನೂ ಅವನೇ, ಕೆರೆಯುವವನೂ ಅವನೇ. ಕಳಪೆ ಇಂಕ್ ಹಾಕಿ ಎರಡು ವರ್ಷ ಕಾಯುವುದು. ಹಸಿರಾದ ಮೇಲೆ ಗಿರಾಕಿ ತಾನಾಗಿ ಇನ್ನೊಂದು ಬಾಗಿಲಿಗೆ ಬರುತ್ತದೆ. ಇಂಥ ವ್ಯಾಪಾರವನ್ನು ನಾನು ಕೋರ್ಟಿನಲ್ಲೂ ನೋಡಿರಲಿಲ್ಲ.

ಒಳಗೆ ಹೋದೆ. ಕೌಂಟರಿನಲ್ಲಿ ನಂದಕಿಶೋರನ ಹೆಂಡತಿ ಪದ್ಮಜಾ ಇದ್ದಳು. ತನ್ನ ಹುಬ್ಬಿಗೆ ಮಾತ್ರ ಪೆನ್ಸಿಲ್ ತೀಡಿಕೊಂಡಿದ್ದಳು. ಬುದ್ಧಿವಂತೆ.

"ಇದು ಲೇಡೀಸ್ ಪಾರ್ಲರ್ ಅದ. ಗಂಡಸರು ಬರಬಾರ್ದು."

"ನಾ ಹುಬ್ಬಿಗಿ ಬಂದಿಲ್ರಿ ಅಕ್ಕಾರ. ಸಮನ್ಸ್ ತಂದೀನಿ." ಜೇಬಿನಿಂದ ಹಳೆಯ ಸಮನ್ಸ್ ಕಾಗದ ತೆಗೆದು ದೂರದಿಂದಲೇ ತೋರಿಸಿದೆ. ನೌಕರಿ ಹೋದರೂ ಒಂದಿಷ್ಟು ಉಳಿಸಿಕೊಂಡಿದ್ದೇನೆ. "ಒಂದು ಕಣ್ಣು ಹೋಗ್ಯಾದ. ಇವತ್ತು ಇನ್ನೊಂದು ಹೋದ್ರ ಕೇಸಿನ್ಯಾಗ ನಿಮ್ಮ ಹೆಸರೂ ಬರ್ತದ. ಎಲ್ಲಿದ್ದಾನ?"

ಅವಳು ಬಾಗಿಲಿನ ಪರದೆ ಎಳೆದಳು.

"ರಾವೂರ. ಕಲ್ಲು ಪಾಲಿಶ್ ಶೆಡ್."

"ಫೋನ್ ಮಾಡಬ್ಯಾಡ್ರಿ ಅವನಿಗಿ."

"ಇಲ್ರಿ."

ನಾನು ಮೊಪೆಡ್ ಒದೆಯುವಷ್ಟರಲ್ಲಿ ಅವಳು ಫೋನ್ ಮಾಡಿದ್ದಳು. ಇದು ನನಗೆ ಗೊತ್ತಾಗಿದ್ದು ಸಲಿಕೆಯ ಹಿಡಿ ತಲೆಗೆ ಬಿದ್ದ ಮೇಲೆ.

ಶೆಡ್ಡಿನೊಳಗೆ ಕಾಲಿಟ್ಟಾಗ, ಬೆಳಿಗ್ಗೆಯಿಂದ ಡಾಕ್ಟರನಿಗೆ ಕಾದಿದ್ದ ಲುಂಬಿನಿ ಆಗಷ್ಟೇ ಆ ಕುರ್ಚಿಯಲ್ಲಿ ಕೂತಿದ್ದಳು. ಹಣೆಗೆ ಸ್ಪಿರಿಟ್ ಒರೆಸಿಯಾಗಿತ್ತು.

"ಏಳವ್ವ," ಅಂದೆ. "ಅದು ಔಷಧ ಅಲ್ಲ, ಸುಣ್ಣ. ಮಾಶಾಬಿ ಕಣ್ಣು..."

ಅಷ್ಟೇ ಹೇಳಿದ್ದು. ಬಾಗಿಲ ಹಿಂದೆ ನಿಂತಿದ್ದ ದಾಂಡಿಗ ಸುರೇಶಕುಮಾರ ಬಾರಿಸಿದ. ಎಚ್ಚರವಾದಾಗ ಕುರ್ಚಿಯಲ್ಲಿ ನಾನಿದ್ದೆ. ಲುಂಬಿನಿ ಮೂಲೆಯ ಕಲ್ಲು ರಾಶಿಯ ಹತ್ತಿರ ನಿಂತಿದ್ದಳು. ನಂದಕಿಶೋರ್ ಪೇಸ್ಟ್ ಕಲಸುತ್ತಿದ್ದ.

ಈಗ ನೀವು ನನ್ನ ಜೊತೆ ಕುರ್ಚಿಗೇ ಬಂದಿರಿ.

"ಸಮನ್ಸ್ ತಂದೀರಂತ," ಅಂದ ನಂದಕಿಶೋರ್. ಬಿಳಿ ಕೋಟು. ಜೇಬಿನಲ್ಲಿ ಎರಡು ಪೆನ್ನು. "ಓದಾಕ ಕಣ್ಣು ಬೇಕಲ್ರಿ ರಾಯರ."

"ನೀ ಡಾಕ್ಟರ್ ಎಲ್ಲಿ ಓದಿದಿ?"

"ಸುಮ್ಮ ಕುಂದ್ರಿ."

"ಓದಿಲ್ಲ ಅಂತ ಆತು."

ಅವನು ಬ್ರಷ್ ಎಳೆದ. ಎಡಗಡೆ ಹುಬ್ಬಿನ ಉದ್ದಕ್ಕೂ. ಮೊದಲು ಬೆಚ್ಚಗೆ. ಆಮೇಲೆ... ಹೇಗೆ ಹೇಳಲಿ? ಹುಬ್ಬಿನ ಮೇಲೆ ಕೆಂಡ ಇಟ್ಟು ಊದಿದಂತೆ. ಒಂದು ಹನಿ ಜಾರಿತು. ರೆಪ್ಪೆಯ ಅಂಚಿಗೆ ಬಂತು. ಒಳಗೆ ಇಳಿಯಿತು.

ನಾನು ಬೈದದ್ದನ್ನು ಅಪ್ಪ ಕೇಳಿದ್ದರೆ ಗುಡಿ ತೊಳೆಸುತ್ತಿದ್ದರು.

ಅಷ್ಟರಲ್ಲಿ ಶೆಡ್ ಗಡಗಡ ನಡುಗಿತು. ಲುಂಬಿನಿ ಪಾಲಿಶ್ ಮಷಿನ್ನಿನ ಮೇನ್ ಸ್ವಿಚ್ ಎಳೆದಿದ್ದಳು. ಕಲ್ಲಿಲ್ಲದೆ ತಿರುಗುವ ಮಷಿನ್ ಊರೆಲ್ಲ ಕೇಳುವಂತೆ ಕಿರುಚುತ್ತದೆ. ಊಟದ ಹೊತ್ತಿನಲ್ಲಿ ಕಿರುಚಿದರೆ ಯಾರದೋ ಕೈ ಸಿಕ್ಕಿದೆ ಎಂದೇ ಅರ್ಥ. ಪಕ್ಕದ ಶೆಡ್ಡುಗಳ ಕೂಲಿಯವರು ರೊಟ್ಟಿ ಬಿಟ್ಟು ಎದ್ದರು.

ಅವಳ ಕೈಯಲ್ಲಿ ಮಷಿನ್ನಿಗೆ ನೀರು ಬಿಡುವ ಪೈಪ್ ಇತ್ತು. ನೀರು ನೇರ ನಂದಕಿಶೋರನ ಎದೆಗೆ ಹೊಡೆಯಿತು. ಬಟ್ಟಲು ಹಾರಿ ಸುರೇಶಕುಮಾರನ ಬಲಗೈ ಮೇಲೆ ಬೋರಲಾಯಿತು. ಹೊರಗೆ ಜನರ ಕಾಲ ಸಪ್ಪಳ. ಇಬ್ಬರೂ ಹಿಂಬಾಗಿಲಿನಿಂದ ವ್ಯಾನಿಗೆ ಓಡಿದರು.

ಲುಂಬಿನಿ ನನ್ನ ಹಗ್ಗ ಬಿಚ್ಚಲಿಲ್ಲ. ಮೊದಲು ಪೈಪನ್ನು ನನ್ನ ಕಣ್ಣಿಗೆ ಹಿಡಿದಳು.

"ಅವ ಓಡಾಕತ್ಯಾನವ್ವ."

"ಓಡ್ಲಿ ಕಾಕಾ. ಕಣ್ಣ ತೆರೀರಿ."

"ಎಷ್ಟೊತ್ತು?"

"ಇಪ್ಪತ್ತ ಮಿನಿಟ್."

"ಐದು ಸಾಕು."

"ನರ್ಸಿಂಗ್ ನೀವ್ ಓದೀರೋ, ನಾ ಓದೀನೋ?"

ಬೆರಳಿನಿಂದ ರೆಪ್ಪೆ ಅಗಲಿಸಿ, ಗಡಿಯಾರ ನೋಡುತ್ತ ನೀರು ಬಿಟ್ಟಳು. ಪೂರ್ತಿ ಇಪ್ಪತ್ತು ನಿಮಿಷ. ಕೂಲಿಯವರು ಸುತ್ತ ನಿಂತು ನೋಡಿದರು. ಅವಳ ಸೆರಗು ಜಾರಿತ್ತು, ಹಸಿರು ಹುಬ್ಬು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರೂ ನಗಲಿಲ್ಲ.

"ಈಗ ಸೀದಾ ದವಾಖಾನಿಗಿ," ಅಂದಳು.

"ದವಾಖಾನಿ ಎಲ್ಲದ?"

"ವಾಡ್ಯಾಗ."

"ವ್ಯಾನ್ ಹೋಗಿದ್ದೂ ವಾಡಿ ಕಡೀನೇ."

ಮೊಪೆಡ್ ಅವಳು ಓಡಿಸಿದಳು. ನಾನು ಹಿಂದೆ ಕೂತು, ಐದು ಲೀಟರಿನ ಕ್ಯಾನಿನಿಂದ ನನ್ನ ಕಣ್ಣಿಗೆ ನಾನೇ ನೀರು ಹೊಯ್ದುಕೊಳ್ಳುತ್ತ ಬಂದೆ. ಎದುರಿನ ಲಾರಿಯವನೊಬ್ಬ ಕೈ ಮುಗಿದ. ಯಾವುದೋ ಹರಕೆ ಅಂದುಕೊಂಡಿರಬೇಕು.

ಇಪ್ಪತ್ತು ನಿಮಿಷ ಮೊದಲೇ ಹೋದ ವ್ಯಾನನ್ನು ಮೊಪೆಡ್ ಹಿಡಿಯುವುದಿಲ್ಲ. ಆದರೆ ರೈಲ್ವೆ ಗೇಟು ಹಿಡಿಯುತ್ತದೆ.

ಗೇಟು ಬಿದ್ದಿತ್ತು. ಸಿಮೆಂಟ್ ತುಂಬಿದ ಎರಡು ಗೂಡ್ಸ್ ಹೋಗಿ, ಮೂರನೆಯದು ಸಿಗ್ನಲ್ ಸಿಗದೆ ರಸ್ತೆಗೆ ಅಡ್ಡ ನಿಂತಿತ್ತು. ಬಸ್ಸು, ಟಂಟಂ, ಲಾರಿ... ಮಧ್ಯದಲ್ಲಿ ನಮ್ಮ ವ್ಯಾನ್. ಮುಂದೆ ಬಸ್ಸು, ಹಿಂದೆ ಲಾರಿ. ಅಲ್ಲಾಡಲು ಜಾಗವಿಲ್ಲ.

ಕಿಟಕಿಯ ಹತ್ತಿರ ಹೋದೆ. ನಂದಕಿಶೋರ್ ಗಾಜು ಏರಿಸಿದ. ಸ್ಟೇರಿಂಗಿನ ಹಿಂದೆ ಸುರೇಶಕುಮಾರ. ಅವನ ಬಲಗೈ ಮುಂಗೈತನಕ ಕೆಂಪಗೆ ಊದಿತ್ತು. ಒಣ ಬಟ್ಟೆಯಿಂದ ಒರೆಸಿದ್ದ, ತೊಳೆದಿರಲಿಲ್ಲ. ಮುಖ ಬೆವರಿನಲ್ಲಿ ಮುಳುಗಿತ್ತು.

ಲುಂಬಿನಿ ಆ ಕಡೆಯ ಕಿಟಕಿಗೆ ಹೋದಳು. ಕ್ಯಾನ್ ಎತ್ತಿ ತೋರಿಸಿದಳು.

"ಉರಿಯಾಕತ್ತದೇನು ಅಣ್ಣಾ?"

"ಭಾಳ ಉರಿತದವ್ವ..."

"ಇನ್ನಾ ಒಳಗ ಇಳೀತದ. ತೊಳಕೊಬೇಕು."

"ನೀರು ಕೊಡು."

"ಕೀಲಿ ಕೊಡು."

"ಏ ಸುರೇಶ, ಕೊಡಬ್ಯಾಡಲೇ," ಅಂದ ನಂದಕಿಶೋರ್.

ಸುರೇಶಕುಮಾರ ತನ್ನ ಕೈ ನೋಡಿದ. ಸಾಹೇಬನ ಕಡೆ ನೋಡಿದ. ಕೀಲಿ ಕಿತ್ತು ಕಿಟಕಿಯಿಂದ ಅವಳ ಅಂಗೈಗೆ ಹಾಕಿದ. ಇಳಿದು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತ. ಅವಳು ನೀರು ಹೊಯ್ದಳು. ಒಂದು ಹನಿಯನ್ನೂ ಉಳಿಸಿಕೊಳ್ಳದೆ ಹೊಯ್ದಳು. ನಾನಾಗಿದ್ದರೆ ಅರ್ಧ ಚೆಲ್ಲಿ ಸತಾಯಿಸುತ್ತಿದ್ದೆ.

ನಂದಕಿಶೋರ್ ಬಾಗಿಲು ತಳ್ಳಿ ಓಡಿದ. ಗೂಡ್ಸಿನ ಕೆಳಗೆ ನುಸುಳಲು ಬಗ್ಗಿದಾಗ ಅವನ ಬಿಳಿ ಕೋಟು ನನ್ನ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಸಿಗ್ನಲ್ ಬಿತ್ತು. ಗಾಡಿ ಜಗ್ಗಿತು. ಅವನ ತಲೆ ಚಕ್ರದಿಂದ ಒಂದು ಗೇಣು ದೂರದಲ್ಲಿತ್ತು. ನಾನು ಹಿಂದಕ್ಕೆ ಎಳೆದೆ.

ಜೀವ ಉಳಿಸಿದೆ. ಆಮೇಲೆ ಎರಡು ಬಿಟ್ಟೆ. ಈ ಸಲ ಕಳೆದುಕೊಳ್ಳಲು ನೌಕರಿ ಇರಲಿಲ್ಲ.

ವ್ಯಾನಿನಲ್ಲಿ ಸೂಜಿ ಮಷಿನ್, ಇಂಕ್ ಬಾಟಲಿ, ಸುಣ್ಣದ ಡಬ್ಬಿ ಎಲ್ಲ ಒಂದೇ ಚೀಲದಲ್ಲಿದ್ದವು. ಪೊಲೀಸರು ಹುಡುಕುವ ಕಷ್ಟವನ್ನೇ ಪಡಲಿಲ್ಲ.

ಲುಂಬಿನಿಯನ್ನು ಗುಲಬರ್ಗಾದ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಓದಿದ ಡಾಕ್ಟರ್. ಅವರ ಹತ್ತಿರವೂ ಲೇಸರ್ ಇರಲಿಲ್ಲ. ಮರಗಟ್ಟುವ ಮದ್ದು ಕೊಟ್ಟು, ಉಪ್ಪುನೀರಿನಿಂದ ಮೇಲ್ಪದರ ಮಾತ್ರ ಉಜ್ಜಿ, ಗಾಯ ಪೂರ್ತಿ ಮಾಯಲು ಎರಡೆರಡು ತಿಂಗಳು ಬಿಟ್ಟು, ಆರು ಸಲ ಮಾಡಿದರು. ಪೂರ್ತಿ ಹೋಗುವುದಿಲ್ಲ ಅಂತ ಮೊದಲೇ ಹೇಳಿದರು. ಹೋಗಲಿಲ್ಲ. ಮಸುಕಾಯಿತು. ತೀರ ಹತ್ತಿರ ಹೋದರೆ ಕಾಣುತ್ತದೆ. ಈಗ ಅವಳು ಚಂದಾಪುರದಲ್ಲಿ ನರ್ಸ್. ಹತ್ತಿರ ಹೋದವರಿಗೆ ಇಂಜೆಕ್ಷನ್ ಚುಚ್ಚುತ್ತಾಳೆ. ಸೆರಗು ಹಣೆಗೆ ಇಳಿಸುವುದನ್ನು ಬಿಟ್ಟಿದ್ದಾಳೆ.

ಲುಂಬಿನಿ ತೊಳೆದ ನನ್ನ ಕಣ್ಣು ಉಳಿಯಿತು. ಮಾಶಾಬಿಯ ಕಣ್ಣು ಬರಲಿಲ್ಲ. ಅದಕ್ಕೆ ಯಾರ ಹತ್ತಿರವೂ ಮದ್ದಿರಲಿಲ್ಲ. ಆದರೆ ಕೋರ್ಟಿಗೆ ಮೊದಲು ಬಂದವಳು ಅವಳೇ. ಆ ಬಿಳಿ ಕಣ್ಣನ್ನು ಮುಚ್ಚಿಕೊಳ್ಳದೆ, ಅವನ ಎದುರಿಗೇ ನಿಂತು ಎಲ್ಲ ಹೇಳಿದಳು. ನಂದಕಿಶೋರನಿಗೆ ಐದು ವರ್ಷ ಜೈಲಾಯಿತು.

ನನ್ನ ಸಾಕ್ಷಿಯ ದಿನ ಅವನ ವಕೀಲ ಕರಿ ಕೋಟು ಸರಿಮಾಡಿಕೊಂಡು ಎದ್ದ.

"ನಮ್ಮ ಕಕ್ಷಿದಾರರ ಔಷಧ ಹಚ್ಚೆಗಿ ಕೆಲಸ ಮಾಡಂಗಿಲ್ಲ ಅಂತ ನಿಮ್ಮ ಮಾತು. ಹೌದಲ್ರಿ?"

ಹದಿನಾರು ವರ್ಷ ಇದೇ ಕೋರ್ಟಿನ ಉಪ್ಪು ತಿಂದವನು. ಸುಳ್ಳು ಹೇಳಲಿಲ್ಲ.

"ಭಾಳ ಚಂದ ಕೆಲಸ ಮಾಡ್ತದ್ರಿ ಸಾಹೇಬ್ರ. ನನಗ ಹಚ್ಚೀನೇ ಇರಲಿಲ್ಲ... ಸಿಕ್ಕಿದ್ದು ಹುಬ್ಬು, ಅದನ್ನೇ ತಗೊಂಡು ಹೋತು."