ಅವನ ಕಿಟಕಿಯ ಪರದೆ

'ನೀವಂದ್ರೆ ನಂಗಿಷ್ಟ' ಎಂದು ಇವತ್ತು ಹೇಳಿಯೇ ಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳು, ಅವನ ಕಿಟಕಿಯ ಪರದೆ ಕಂಡದ್ದೇ ತಡ, ಬಂದ ಕೆಲಸವನ್ನೇ ಮರೆತಳು.

ಎಂಥ ಪರದೆ! ನೀಲಿ ಚೌಕದ ಮೇಲೆ ಹಾದುಹೋದ ಅರ್ಧ ಕೆಂಪು ವೃತ್ತ, ಅದರಾಚೆ ಮಾಸಿದ ಹಳದಿ, ಎಲ್ಲದರ ನಡುವೆ ನುಸುಳಿದ ಕಪ್ಪು ಗೆರೆಗಳು. ಅಂಕೆಯಿಲ್ಲ, ಲೆಕ್ಕವಿಲ್ಲ, ಆದರೂ ಪ್ರತಿಯೊಂದೂ ಇರಬೇಕಾದಲ್ಲೇ ಇತ್ತು.

ಇಂಥದ್ದನ್ನು ಮಾಡುವವಳು ತಾನೊಬ್ಬಳೇ ಎಂದುಕೊಂಡಿದ್ದಳು, ಪಾಪ. ಬಟ್ಟೆಯೆಂದರೆ ಹೂಬಳ್ಳಿಯೇ ಆಗಿದ್ದ ಕಾಲದಲ್ಲಿ ಬರೀ ಗೆರೆ, ಬರೀ ಚೌಕ ಬಿಡಿಸಿದವಳು. ಚಿತ್ರಕಾರರ ಪ್ರದರ್ಶನದ ಗೋಡೆಗೆ ಹಠ ಹಿಡಿದು ಬಟ್ಟೆ ಏರಿಸಿದ ಮೊದಲ ಹೆಂಗಸು. ಆ ಗಂಡಸರೆಲ್ಲ 'ಪರದೆಯಮ್ಮ' ಎಂದು ಆಡಿಕೊಂಡಾಗ ಕ್ಯಾರೇ ಅಂದಿರಲಿಲ್ಲ. ಈಗ ಇನ್ಯಾರದೋ ಪರದೆ ನೋಡಿ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಅದೂ ಎಲ್ಲಿ? ತನ್ನ ಬಟ್ಟೆಗಳಿಗೆ ಬಣ್ಣದ ಅಚ್ಚು ಹಾಕುವವನ ಮನೆಯಲ್ಲಿ!

"ಇದನ್ನ ಯಾರು ಮಾಡಿದ್ದು, ಅಕ್ಕಾ?" ಬಾಗಿಲು ತೆಗೆದ ಅವನ ಅಕ್ಕನನ್ನು ಕೇಳಿದಳು.

"ಹೆಸರು ಹೇಳಲ್ಲಮ್ಮ, ಕಳ್ಳ! ಒಗೆಯೋಕೆ ತೆಗೆದಿದ್ದಕ್ಕೆ ಮನೆ ತಲೆಕೆಳಗೆ ಮಾಡ್ಬಿಟ್ಟ. ಅದನ್ನ ಮಾಡಿದವಳು ಅಂದ್ರೆ ಅವನಿಗೆ ಪ್ರಾಣ. ಹೇಳೋಕೆ ಮಾತ್ರ ಬಾಯಿಲ್ಲ."

ಅಕ್ಕ ನಗುತ್ತ ಟೀ ಮಾಡಲು ಒಳಗೆ ಹೋದಳು. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಮಾಡಿದವಳು! ಮೆತ್ತಗೆ ಮಾತಾಡುವವಳಿರಬೇಕು. ಬಣ್ಣ ಸರಿಬರಲಿಲ್ಲವೆಂದು ತನ್ನ ಹಾಗೆ ಅವನ ಮೇಲೆ ಹರಿಹಾಯುವವಳಲ್ಲ. ಬರೀ ಚೆಲುವೆಯಾಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ತನಗಿಂತ ಚೆನ್ನಾಗಿ ಕೆಲಸ ಬಲ್ಲವಳನ್ನು ಹೇಗೆ ಸಹಿಸುವುದು?

ಅಷ್ಟರಲ್ಲಿ ಅವನು ಬಂದ. ಮೊಣಕೈವರೆಗೂ ಬಣ್ಣ. ಪರದೆಯತ್ತ ಒಮ್ಮೆ, ಅವಳತ್ತ ಒಮ್ಮೆ ನೋಡಿ ಕಿವಿಯವರೆಗೂ ಕೆಂಪಾದ.

"ಪರದೆ ಚೆನ್ನಾಗಿದೆ," ಎಂದಳು ಹಲ್ಲು ಕಚ್ಚಿ.

"ಹೌದಾ? ನಿಮಗೆ ಹಿಡಿಸ್ತಾ?"

"ನಂಗೆ ಹಿಡಿಸಿದ್ರೆಷ್ಟು, ಬಿಟ್ರೆಷ್ಟು. ಇನ್ಮೇಲೆ ನನ್ನ ಡಿಸೈನ್ ಬೇರೆ ಕಡೆ ಕೊಡ್ತೀನಿ. ನೀವು ಅವಳದನ್ನೇ ಮಾಡ್ಕೊಂಡು ಸುಖವಾಗಿರಿ."

"ಯಾರದನ್ನ?"

"ಆಹಾ, ಏನೂ ಗೊತ್ತಿಲ್ಲದ ಮಗು! ಇದನ್ನ ಮಾಡಿದವಳದು. ನನಗಿಂತ ಚೆನ್ನಾಗಿ ಮಾಡಿದಾಳೆ. ಒಪ್ಕೊಂಡೆ, ಸಾಕಾ?" ದನಿ ಒಡೆಯಿತು. ಅಳು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅವನು ಮೆಲ್ಲಗೆ ನಕ್ಕ.

"ಮೇಡಂ, ಅದು ಅಡಿಬಟ್ಟೆ. ಅಚ್ಚು ಹಾಕುವಾಗ ನಿಮ್ಮ ಬಟ್ಟೆ ಕೆಳಗೆ ಹಾಸ್ತೀವಲ್ಲ, ಅದು. ನಿಮ್ಮ ಬಟ್ಟೆ ಕುಡಿದು ಮಿಕ್ಕಿದ ಬಣ್ಣವೆಲ್ಲ ಅದಕ್ಕೆ ಇಳಿಯುತ್ತೆ. ಬೇರೆಯವರದಾದ್ರೆ ಒಗೆದುಬಿಡ್ತೀನಿ. ನಿಮ್ಮದನ್ನ ಒಗೆಯೋಕೆ ಮನಸ್ಸು ಬರಲಿಲ್ಲ. ವರ್ಷ ಪೂರ್ತಿ, ಒಂದರ ಮೇಲೊಂದು, ಎಲ್ಲ ನಿಮ್ಮವೇ."

ಅವಳು ಹತ್ತಿರ ಹೋಗಿ ನೋಡಿದಳು. ಈ ನೀಲಿಗಾಗಿ ಅವನ ಜತೆ ಜಗಳವಾಡಿದ್ದಳು. ಆ ವೃತ್ತವನ್ನು ಜ್ವರದಲ್ಲೇ ಎದ್ದು ಕೂತು ಬಿಡಿಸಿದ್ದಳು. ಇಷ್ಟು ಹೊತ್ತೂ ತನ್ನ ಮೇಲೆಯೇ ಹೊಟ್ಟೆ ಉರಿದುಕೊಂಡಿದ್ದಳು! ಪೆಚ್ಚಾದಳು. ಮರುಗಳಿಗೆಯೇ ಅಕ್ಕನ ಮಾತು ನೆನಪಾಗಿ ಮುಖ ಬಿಸಿಯಾಯಿತು.

ಅವನು ನೆಲ ನೋಡುತ್ತಿದ್ದ. "ಹೇಳೋಕೆ ಧೈರ್ಯ ಬರಲಿಲ್ಲ. ನೀವು ದೊಡ್ಡವರ ಜತೆ ಓಡಾಡೋರು..."

"ಅಂದ್ರೆ ಈ ಪರದೆ ನಂದು?"

"ನಿಮ್ಮದೇ."

"ಹಾಗಾದ್ರೆ ಕಿಟಕಿ?"

ಅವನು ತಲೆಯೆತ್ತಿದ. ಅವಳ ಕಣ್ಣು ಇನ್ನೂ ಒದ್ದೆಯಿತ್ತು, ತುಟಿಯಂಚಿನಲ್ಲಿ ಮಾತ್ರ ತುಂಟತನ.

"ಕಿಟಕೀನೂ ನಿಮ್ಮದೇ. ಮನೇನೂ."

"ಮನೆಯವನು?"

ಅವನು ಬಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಹೂಂ ಅನ್ನೋ ದಡ್ಡಾ, ಟೀ ಆರ್ತಿದೆ!" ಒಳಗಿನಿಂದ ಅಕ್ಕ ಕೂಗಿದಳು.

ಅವನು ಹೂಂ ಎಂದ.